ಆಟ ಅಂಗಡಿ ಬದಲಿಸಿದಾಗ

ಕಂಪ್ಯೂಟರ್ ಆಟಗಳಿಗೂ ಅಂತರಜಾಲದಲ್ಲಿ ಅಂಗಡಿಗಳಿವೆ ಅಜ್ಜಿ. ಸ್ಟೀಮ್ 2003ರಿಂದ ಇರುವ ಹಳೆಯ ಅಂಗಡಿ. ಎಪಿಕ್ 2018ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದದ್ದು.

‘ಮೆಟ್ರೊ ಎಕ್ಸೊಡಸ್’ ಆಟಕ್ಕೆ (ದೊಡ್ಡವರದು, ಮಕ್ಕಳೇ!) ಸ್ಟೀಮ್‌ನಲ್ಲಿ ಮುಂಗಡ ಮಾರಾಟ ನಡೆದಿತ್ತು. 2019ರ ಫೆಬ್ರುವರಿ 15ಕ್ಕೆ ಬಿಡುಗಡೆ. ಮೂರು ವಾರವೂ ಉಳಿದಿರಲಿಲ್ಲ, ಪ್ರಕಾಶಕರು ಮಾರಾಟವನ್ನು ಎಪಿಕ್‌ಗೆ ಒಯ್ದರು! ಸ್ಟೀಮ್ ಸಾಮಾನ್ಯವಾಗಿ ನೂರಕ್ಕೆ 30 ಹಿಡಿದುಕೊಂಡರೆ ಎಪಿಕ್ ಆಗ ಹಿಡಿಯುತ್ತಿದ್ದದ್ದು 12 ಮಾತ್ರ. ಅಮೆರಿಕದಲ್ಲಿ ಬೆಲೆಯೂ 60 ಡಾಲರ್‌ನಿಂದ 50ಕ್ಕೆ ಇಳಿಯಿತು.

ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಕೊನೆಗಳಿಗೆಯಲ್ಲಿ ಹೀಗೆ ಮಾಡಿದ್ದು ನನಗೂ ಸರಿಕಾಣುವುದಿಲ್ಲ. ಮುಂಗಡ ಕೊಟ್ಟವರಿಗೆ ಆಟ ಸ್ಟೀಮ್‌ನಲ್ಲೇ ಸಿಕ್ಕಿತು. ಉಳಿದವರು ಅಲ್ಲಿ ಕೊಳ್ಳಲು ವರ್ಷ ಕಾಯಬೇಕಾಯಿತು. ಸಿಟ್ಟಿಗೆದ್ದವರು ಅದೇ ಸರಣಿಯ ಹಳೆಯ ಆಟಗಳನ್ನೂ ಬೈದು ಬರೆದರು. ಪಾಪ, ಅವೇನು ಮಾಡಿದ್ದವು!