ಯುದ್ಧವಿಮಾನ ಹಳತಾಗುವುದು ಹೇಗೆ?

2025ರ ಸೆಪ್ಟೆಂಬರ್ 26ರಂದು ನಮ್ಮ ವಾಯುಪಡೆ ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿತು. 1963ರಲ್ಲಿ ಸೇವೆಗೆ ಸೇರಿದ್ದ ವಿಮಾನ ಅದು. ಇಷ್ಟು ವರ್ಷ ಹಾರಿದ್ದನ್ನು ರಿಪೇರಿ ಮಾಡಿ ಇನ್ನೂ ಹಾರಿಸಬಾರದೇ ಎಂದು ಸೋಮನಾಥಪುರದಲ್ಲಿ ಟಿ.ವಿ. ಮುಂದೆ ಕೂತವರಿಗೂ ಅನ್ನಿಸಿರಬಹುದು. ಆ ಪ್ರಶ್ನೆಗೆ ಉತ್ತರ ಒಂದೇ ಅಲ್ಲ.

ಮೊದಲನೆಯದು ಮೈದಣಿವು. ಯುದ್ಧವಿಮಾನ ಗಕ್ಕನೆ ತಿರುಗಿದಾಗ ಅದರ ತೂಕದ ಹಲವು ಪಟ್ಟು ಭಾರ ರೆಕ್ಕೆಯ ಮೇಲೆ ಬೀಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದಲ್ಲ, ಹಾಗೆಯೇ ಲೋಹದಲ್ಲೂ ಸಣ್ಣ ಬಿರುಕು ಹುಟ್ಟುತ್ತದೆ. ಅದಕ್ಕೇ ಪ್ರತಿ ವಿಮಾನಕ್ಕೂ ಇಷ್ಟು ಗಂಟೆ ಹಾರಾಟವೆಂಬ ಮಿತಿ ಇರುತ್ತದೆ.

ಎರಡನೆಯದು ಕಣ್ಣು ಮಂಜಾಗುವುದು. ಮೈ ಗಟ್ಟಿಯಿದ್ದರೂ ರೇಡಾರ್ (ದೂರದ ವಿಮಾನವನ್ನು ರೇಡಿಯೊ ಅಲೆಗಳಿಂದ ಪತ್ತೆ ಹಚ್ಚುವ ಸಾಧನ) ಹಳೆಯದಾದರೆ ಶತ್ರು ನಮ್ಮನ್ನು ಮೊದಲು ನೋಡುತ್ತಾನೆ. ಇದಕ್ಕೆ ಮದ್ದುಂಟು. ಮಿಗ್-21ಕ್ಕೆ ಹೊಸ ರೇಡಾರ್, ಹೊಸ ಕ್ಷಿಪಣಿ ಜೋಡಿಸಿ ‘ಬೈಸನ್’ ಮಾಡಿದ್ದು ಹೀಗೆಯೇ. ಕೊನೆಗೆ ನಿವೃತ್ತಿಯಾದದ್ದೂ ಈ ಬೈಸನ್‌ಗಳೇ.

ಮೂರನೆಯದು ಎಂಜಿನ್, ಅದರದು ಬೇರೆ ಕಥೆ. ಅದಕ್ಕೆ ಬೆಂಗಳೂರಿನ ‘ಮಾರುತ್’ಗಿಂತ ಒಳ್ಳೆಯ ಪಾಠ ಇಲ್ಲ. ಮೈಸೂರು ಸಂಸ್ಥಾನದ ಬೆಂಬಲದಿಂದ 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ವಿನ್ಯಾಸ ಮಾಡಿಕೊಟ್ಟ ವಿಮಾನ ಇದು. 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ಮೊದಲ ಸಲ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗ ಮುಟ್ಟಬೇಕೆಂಬುದು ಗುರಿ. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಬ್ರಿಟಿಷ್ ಎಂಜಿನ್ ಬರಲೇ ಇಲ್ಲ. ಕೈಗೆ ಸಿಕ್ಕ ಆರ್ಫಿಯಸ್ 703 ಎಂಜಿನ್ ಎರಡನ್ನು ಕೂರಿಸಿದರು. ಅದರಲ್ಲಿ ಆಫ್ಟರ್‌ಬರ್ನರ್ (ಬಾಲದ ಕೊಳವೆಯಲ್ಲಿ ಇನ್ನಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ವ್ಯವಸ್ಥೆ) ಇರಲಿಲ್ಲ. ವಿಮಾನ ಶಬ್ದದ ವೇಗದ ಹತ್ತಿರಕ್ಕೆ ಹೋಗಿ ನಿಂತಿತು. ಆಫ್ಟರ್‌ಬರ್ನರ್ ಅಳವಡಿಸಿದ ಮಾರುತ್ ಪರೀಕ್ಷಿಸುವಾಗ 1970ರ ಜನವರಿ 10ರಂದು ದಾಸ್ ಅಪಘಾತದಲ್ಲಿ ತೀರಿಕೊಂಡರು. ಹಳೆಯ ವಿಮಾನ ನಿಲ್ದಾಣದ ಬಳಿಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ದಿನವೂ ಅಲ್ಲಿ ಓಡಾಡುವವರಿಗೆ ಇದು ಗೊತ್ತಿರಬೇಕು.

ಹಾಗಾದರೆ ಮಾರುತ್ ಕೆಟ್ಟ ವಿಮಾನವೇ? ಖಂಡಿತ ಅಲ್ಲ. 1971ರ ಯುದ್ಧದಲ್ಲಿ ನೆಲದ ಗುರಿಗಳ ಮೇಲೆ ಚೆನ್ನಾಗಿ ದಾಳಿ ಮಾಡಿತು. ತಯಾರಾದದ್ದು 147. ತಕ್ಕ ಎಂಜಿನ್ ಇಲ್ಲದೆ ಹುಟ್ಟಿದಾಗಿನಿಂದಲೇ ಹಿಂದೆ ಬಿದ್ದಿತ್ತು, 1990ರ ಹೊತ್ತಿಗೆ ಸೇವೆಯಿಂದ ಹೋಯಿತು.

ಇದೇ ತೊಡಕು ಇಂದಿಗೂ ಇದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಯುದ್ಧವಿಮಾನ ತೇಜಸ್‌ಗೆ ಅಮೆರಿಕದ ಜಿಇ ಎಫ್-404 ಎಂಜಿನ್. ಅದು ಬರುವುದು ತಡವಾದ್ದರಿಂದ ತೇಜಸ್‌ನ ಹೊಸ ಮಾದರಿ ಮಾರ್ಕ್-1ಎ ಕೂಡ ತಡವಾಯಿತು. ನಮ್ಮದೇ ಎಂಜಿನ್ ಆಗುವವರೆಗೆ ಈ ಕಾಯುವಿಕೆ ತಪ್ಪದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯದರ ಬದಲು ಹೊಸ ವಿಮಾನ ಕೊಳ್ಳಲು ಖರ್ಚು ಎಷ್ಟು? 2025ರ ಸೆಪ್ಟೆಂಬರ್‌ನಲ್ಲಿ 97 ಮಾರ್ಕ್-1ಎ ವಿಮಾನಗಳಿಗೆ ಎಚ್‌ಎಎಲ್ ಜೊತೆ ಆದ ಒಪ್ಪಂದ 62,370 ಕೋಟಿ ರೂಪಾಯಿಗೂ ಮೇಲೆ, ತೆರಿಗೆ ಬೇರೆ. ಸಂಬಂಧಿಸಿದ ಸಲಕರಣೆಯೂ ಇದರಲ್ಲೇ ಸೇರಿದೆ. ಹಾಗಾಗಿ ಬರೀ ಭಾಗಾಕಾರ ಮಾಡಿ ಒಂದು ವಿಮಾನದ ಬೆಲೆ ಇಷ್ಟೇ ಎನ್ನಬೇಡಿ.

ಮಾರುತ್ ನೋಡಬೇಕೆನ್ನುವ ಸೋಮನಾಥಪುರದವರು ಮೈಸೂರಿಗೆ ಬಂದು ಬೆಂಗಳೂರಿನ ರೈಲು ಹತ್ತಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್‌ಗೆ ಹೋಗಿ ಇಳಿದರೆ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ದೂರವಿಲ್ಲ. ವಿಮಾನ ಹೊರಗೇ ನಿಂತಿದೆ. ಮಕ್ಕಳನ್ನು ಹಿಂಬದಿಗೆ ಕರೆದುಕೊಂಡು ಹೋಗಿ, ಅಕ್ಕಪಕ್ಕದ ಎರಡು ಎಂಜಿನ್ ಕೊಳವೆ ತೋರಿಸಿ. ರೇಡಾರ್, ಹಳೆಯ ಎಂಜಿನ್ ಮುಂತಾದುವನ್ನೂ ನೋಡುವುದಿದ್ದರೆ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯಕ್ಕೂ ಹೋಗಬಹುದು. ರಜೆಯ ದಿನ ಮತ್ತು ಸಮಯ ವಿಚಾರಿಸಿಕೊಂಡೇ ಹೊರಡಿ.