ಮಳಖೇಡದ ಅಂಕಿಮಾಲೆ

೧೨೩೪೫೬೫೪೩೨೧ — ಎಡದಿಂದ ಓದಿದರೂ ಬಲದಿಂದ ಓದಿದರೂ ರೂಪ ಕೆಡದ ಸಂಖ್ಯೆಯಿದು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಹಾರದಂತೆ ಪೋಣಿಸಿಟ್ಟಿದ್ದಾನೆ.

ವಾಡಿಯಿಂದ ಹೊರಟ ರೈಲು ಚಿತ್ತಾಪುರವನ್ನು ದಾಟಿ ಸೇಡಂ ಮುಟ್ಟುವ ಮೊದಲು ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಕಾಗಿಣಾ ನದಿಯ ದಡದ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಆಚಾರ್ಯನು ಗ್ರಂಥದ ಆರಂಭದಲ್ಲಿ ಸ್ತುತಿಸಿದ್ದಾನೆ. ‘ಕವಿರಾಜಮಾರ್ಗ’ವನ್ನು ನಾವು ಮರೆತಿಲ್ಲ, ಅದೇ ಅರಸನ ಕಾಲದ ಈ ಗಣಿತವನ್ನು ನೆನೆಯುವವರು ವಿರಳ. ಶಹಾಬಾದಿನ ಹಾಸುಗಲ್ಲು ಮನೆಮನೆಯ ನೆಲವಾಯಿತು, ಸೇಡಂ ಸೀಮೆಯ ಸುಣ್ಣಗಲ್ಲು ಸಿಮೆಂಟಾಯಿತು. ಈ ಅಂಕಿಮಾಲೆ ಮಾತ್ರ ಪಂಡಿತರ ಕಪಾಟಿನಲ್ಲಿಯೇ ಉಳಿಯಿತು. ಇದು ನನಗೆ ನಷ್ಟವೆಂದೇ ತೋರುತ್ತದೆ.

ಆಚಾರ್ಯನ ಲೆಕ್ಕವಿದು: ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ನಮ್ಮ ಸಂಖ್ಯೆ ಬರುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವುದೆಂದು ಅದನ್ನು ಆತ ವರ್ಣಿಸುತ್ತಾನೆ. ಗುಣ್ಯ ಗುಣಕಗಳೆರಡೂ ವರ್ಗಸಂಖ್ಯೆಗಳೇ. ೪೪೧ ಎಂಬುದು ೨೧ರ ವರ್ಗ. ಇನ್ನೊಂದು ೫೨೯೧ರ ವರ್ಗ. ಆ ೨೧ನ್ನೂ ೫೨೯೧ನ್ನೂ ಗುಣಿಸಿ ನೋಡಿ: ೧೧೧೧೧೧! ಆರು ಒಂದುಗಳ ವರ್ಗವೇ ನಮ್ಮ ಮಾಲೆ. ಆ ೧೧೧೧೧೧ನ್ನು ಒಡೆದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳು ದೊರೆಯುತ್ತವೆ. ಮಾಲೆಯಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುವುದರಿಂದ, ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ೨೪೩.

ಇದರಲ್ಲಿ ಮಂತ್ರವೇನೂ ಇಲ್ಲ. ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆಯುತ್ತೇವೆ. ಅಂಚಿನ ಕಂಬಸಾಲಿನಲ್ಲಿ ಒಂದೇ ಒಂದು, ನಡುವೆ ಆರು. ಬರೆದ ಒಂದುಗಳು ಒಟ್ಟು ೩೬. ಮಾಲೆಯ ಅಂಕಿಗಳನ್ನು ಕೂಡಿಸಿದರೂ ೩೬. ಒಂಬತ್ತು ಒಂದುಗಳವರೆಗೂ ಈ ಸೊಗಸು ನಿಲ್ಲುತ್ತದೆ. ಹತ್ತನೆಯದು ಸೇರಿದೊಡನೆ ನಡುವಿನ ಮೊತ್ತ ಹತ್ತಾಗಿ, ಕೈಯಲ್ಲಿ ಒಂದು ಉಳಿದು, ೧೨೩೪೫೬೭೯೦೦೯೮೭೬೫೪೩೨೧ ಎಂದಾಗಿ ಮಾಲೆಯ ಕ್ರಮ ಕೆಡುತ್ತದೆ. ಸೌಂದರ್ಯವೆಲ್ಲ ಸ್ಥಾನಬೆಲೆಯ ಪದ್ಧತಿಯದು. ಆ ಪದ್ಧತಿ ಕರಗತವಾಗಿದ್ದ ನಾಡಿನಲ್ಲಿ ಮಾತ್ರ ಇಂತಹ ವಿನೋದ ಹುಟ್ಟೀತು.

ಆಚಾರ್ಯನ ಮಾತೆಲ್ಲವೂ ಪ್ರಮಾಣವೆಂದು ನಾನು ಹೇಳಲಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಅದೇ ಗ್ರಂಥದಲ್ಲಿ ಹೇಳಿದ್ದಾನೆ. ಇಂದಿನ ಗಣಿತ ಅದನ್ನು ಒಪ್ಪದು. ಆದರೆ ಈ ಮಾಲೆಯನ್ನು ನಂಬಲು ಆಚಾರ್ಯನ ಹೆಸರಾಗಲಿ ಅರಸನ ಹೆಸರಾಗಲಿ ಬೇಕಿಲ್ಲ. ಚಿಂಚೋಳಿಯ ಶಾಲೆಯ ಹುಡುಗಿಯೊಬ್ಬಳು ಸ್ಲೇಟು ಬಳಪ ಹಿಡಿದು ಗುಣಿಸಿದರೆ ಸಾಕು, ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಉತ್ತರವೇ ಅವಳಿಗೂ ಬರುತ್ತದೆ. ಕೋಟೆಯ ಕಲ್ಲು ಕಳಚಿದರೂ ಕೆಡದೆ ಉಳಿದ ಈ ಆಸ್ತಿಯನ್ನು ಅಲ್ಲಿನ ಮಕ್ಕಳಿಗೆ ನಾವು ಹೇಳಿಕೊಡಬೇಡವೆ?