ಯಾರನ್ನು ಕೊಳ್ಳಬೇಕಿತ್ತು?

ಕಬಡ್ಡಿ ನಮಗೇನು ಹೊಸದಲ್ಲ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆ ಊರೂರಲ್ಲೂ ಈ ಆಟ ಗೊತ್ತು. ಈಗ ಟಿ.ವಿ. ಮುಂದೆ ಜಗಳ. "ಅವನನ್ನ ಯಾಕೆ ಬಿಟ್ರು? ಇವನನ್ನ ಯಾಕೆ ಕೊಂಡ್ರು?"

ಕೊಳ್ಳೋದು ಅಂದರೇನು? ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು. ಅಲ್ಲಿ ಆಟಗಾರರನ್ನು ಹರಾಜು ಕೂಗುತ್ತಾರೆ. ನಮ್ಮ ಸಂತೆಯ ಹಾಗೇ ಅನ್ನಿ!

ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್ ತಂಡದ ರೈಡರ್ ಆಗಿದ್ದರು. 2019ರ ಜನವರಿಯ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದರು. ತಂಡ ಗೆದ್ದಿತು. 2022ರ ಹರಾಜಿನಲ್ಲಿ ಅವರನ್ನು ತಮಿಳು ತಲೈವಾಸ್ ತಂಡ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಬುಲ್ಸ್ ತಂಡ 1 ಕೋಟಿ 70 ಲಕ್ಷ ಕೊಟ್ಟು ವಿಕಾಸ್ ಕಂಡೋಲ ಅವರನ್ನು ತಂದಿತು. ವಾದ ಹತ್ತಿಕೊಂಡಿತು.

ರೈಡರ್ ಎಂದರೆ ಎದುರು ಅಂಕಣಕ್ಕೆ ನುಗ್ಗುವವರು. ಅಲ್ಲಿ 7 ಜನ ಹಿಡಿಯಲು ಕಾದಿರುತ್ತಾರೆ. 30 ಸೆಕೆಂಡಿನೊಳಗೆ ಮುಟ್ಟಿ ವಾಪಸ್ ಬರಬೇಕು. ಎಷ್ಟು ಜನರನ್ನು ಮುಟ್ಟಿದರೋ ಅಷ್ಟು ಅಂಕ. ಕೆಲವರು ಕೈ ಚಾಚಿ ಮುಟ್ಟುತ್ತಾರೆ, ಕೆಲವರು ಕಾಲ ಬೆರಳು ತಾಗಿಸುತ್ತಾರೆ. ಪವನ್ ಹಿಡಿಯಲು ಬಂದವರ ತಲೆ ಮೇಲೇ ಹಾರುತ್ತಾರೆ. ಹಾರೋದು ನೋಡೋಕೆ ಚೆಂದ. ನನಗೆ ಮಾತ್ರ ಸದ್ದಿಲ್ಲದೆ ಒಂದೊಂದೇ ಅಂಕ ತರುವವರ ಮೇಲೆ ನಂಬಿಕೆ.

ಈ ಹರಾಜು ಗಂಡಸರದ್ದು. ಹೆಂಗಸರಲ್ಲಿ ರೈಡರ್ ಇಲ್ಲವೇನವ್ವ? ಇದ್ದಾರೆ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ರೈಡರ್. 2012ರಲ್ಲಿ ಪಾಟ್ನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆಯಿತು. ಭಾರತ ಇರಾನನ್ನು ಸೋಲಿಸಿ ಕಪ್ ಗೆದ್ದಿತು. ನಾಯಕಿ ಅವರೇ. ಟಿ.ವಿ. ಮುಂದಿನ ಜಗಳದಲ್ಲಿ ಅವರ ಹೆಸರೂ ಒಂದು ಸಲ ಎತ್ತಿ ನೋಡಿ.